ಹರಿಗೋಲು ಪಂದ್ಯದ ಏಳನೇ ನಿಯಮ

ಹೊಸಪೇಟೆ
18 ಜುಲೈ 2022, ಸೋಮವಾರ

ಕಂಪ್ಲಿಯ ಅಂಜಿನಯ್ಯನಿಗೆ, ಹೊಸಪೇಟೆಯಿಂದ ಮರಿಸ್ವಾಮಿ ಬರೆಯುವುದು.

ನೀನು ಎನ್ನಲೋ ನೀವು ಎನ್ನಲೋ ಎಂದು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ. ಹದಿನೇಳು ವರ್ಷ ಮಾತಿಲ್ಲದವನನ್ನು ಹೇಗೆ ಕರೆಯಬೇಕೆಂದು ನಮ್ಮ ಕಾಲೇಜಿನ ಲೆಟರ್ ರೈಟಿಂಗ್ ಪಾಠದಲ್ಲಿ ಇರಲಿಲ್ಲ. 'ರೆಸ್ಪೆಕ್ಟೆಡ್ ಸರ್' ಒಂದು, 'ಮೈ ಡಿಯರ್ ಫ್ರೆಂಡ್' ಒಂದು, ನಡುವೆ ಏನೂ ಇರಲಿಲ್ಲ. ಒಂದೇ ಬೆಂಚಿನ ಮೇಲೆ ಪಿಯುಸಿ ಓದಿದವರು, ಅದಕ್ಕೇ ನೀನು ಎಂದೇ ಬರೆಯುತ್ತೇನೆ. ಸಿಟ್ಟು ಬಂದರೆ ಪತ್ರ ಹರಿ, ಓದಿ ಹರಿ.

ಫೋನ್ ಮಾಡಬಹುದಿತ್ತು. ನಂಬರು ನನ್ನ ಹತ್ತಿರ ಇಲ್ಲ. ಸಿಕ್ಕಿದ್ದರೂ ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಡುತ್ತಿದ್ದೆ. ಪತ್ರವನ್ನಾದರೆ ಇಡಲು ಜಾಗ ಹುಡುಕಬೇಕು, ಅಷ್ಟರೊಳಗೆ ಎರಡು ಸಾಲು ಕಣ್ಣಿಗೆ ಬೀಳುತ್ತದೆ.

ಸಮಾಚಾರ ಇದು: ನಾನು ಕಾಲೇಜಿಗೆ ಸೇರಿದ್ದೇನೆ. ನಗಬ್ಯಾಡ. ಅರವತ್ತೊಂದನೇ ವಯಸ್ಸಿಗೆ, ಸಂಜೆ ಕ್ಲಾಸಿಗೆ, ಕೋರ್ಸಿನ ಹೆಸರು ಪೋಸ್ಟ್ ಗ್ರಾಜುಯೇಟ್ ಡಿಪ್ಲೊಮಾ ಇನ್ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಅಂಡ್ ಲೀಡರ್‌ಶಿಪ್. ಹೆಸರೇ ಒಂದು ಉಸಿರಿಗೆ ಮುಗಿಯುವುದಿಲ್ಲ. ಹಳೇ ಮಾರ್ಕ್ಸ್ ಕಾರ್ಡಿನ ನಕಲು ಬೇಕಾಗಿ ಹೋಗಿದ್ದೆ, ಗುಮಾಸ್ತ ಊಟಕ್ಕೆ ಎದ್ದಿದ್ದ, ಅವನು ಬರುವವರೆಗೆ ನೋಟೀಸ್ ಬೋರ್ಡ್ ಓದುತ್ತಾ ನಿಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ನೋ ಏಜ್ ಬಾರ್' ಎಂದಿತ್ತು. ಅಂಜಿನಿ, ಆ ಮೂರು ಮಾತು ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು. ಮಾರ್ಕ್ಸ್ ಕಾರ್ಡ್ ಬಿಟ್ಟು ಅರ್ಜಿ ತಗೊಂಡು ಬಂದೆ.

ಮೊದಲನೇ ದಿನ ನಾನು ಒಳಗೆ ಕಾಲಿಟ್ಟದ್ದೇ ತಡ, ಹತ್ತೊಂಬತ್ತು ಹುಡುಗ ಹುಡುಗಿಯರು ಧಡಕ್ಕನೆ ಎದ್ದು ನಿಂತು 'ಗುಡ್ ಈವನಿಂಗ್ ಸರ್' ಅಂದರು. ನಾನೂ 'ಸಿಟ್ ಡೌನ್, ಸಿಟ್ ಡೌನ್' ಅಂದುಬಿಟ್ಟೆ. ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಕೂತಾಗ ಒಬ್ಬ, "ಸರ್, ಇನ್ಸ್‌ಪೆಕ್ಷನ್ನಿಗೆ ಬಂದೀರೇನ್ರಿ?" ಎಂದು ಕೇಳಿದ. ಅಡ್ಮಿಷನ್ನಿಗೆ ಬಂದೀನಪ್ಪ ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೂ ಭಾಳ ದಿನದ ಮೇಲೆ ಹೊಟ್ಟೆ ತುಂಬ ನಗು ಬಂತು.

ಪಾಠ ಹೇಳುವವರು ಸ್ಫೂರ್ತಿ ಮೇಡಂ. ವಯಸ್ಸು ಇಪ್ಪತ್ತೆಂಟು ಇದ್ದೀತು, ಖೋ ಖೋ ಆಡಿದವರು, ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುವುದಿಲ್ಲ, ಹಾರುತ್ತಾರೆ. ಆಟ ಆಡುವುದೇ ಬೇರೆ, ಆಡಿಸುವುದೇ ಬೇರೆ ವಿದ್ಯೆ ಅನ್ನುತ್ತಾರೆ. ಗಣಿ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಸ್ಟೋರ್ಸ್ ನೋಡಿಕೊಂಡು, ಜೊತೆಗೆ ಸ್ಪೋರ್ಟ್ಸ್ ಕ್ಲಬ್ಬಿನ ಸೆಕ್ರೆಟರಿಯೂ ಆಗಿದ್ದ ನನಗೆ ಅದೊಂದು ವಿದ್ಯೆ ಎಂದೇ ಗೊತ್ತಿರಲಿಲ್ಲ ನೋಡು.

ನನ್ನ ಮನೆಯವಳು ರೇಣುಕಾದೇವಿ ಹೋಗಿ ಮೂರು ವರ್ಷ. ಅವಳ ಮಣ್ಣಿಗೆ ನೀನು ಬಂದಿದ್ದೆ. ಟವೆಲ್ ಹೊದ್ದು ಎಲ್ಲರ ಹಿಂದೆ ನಿಂತಿದ್ದೆ. ನಾನು ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ.

ಕಂಪ್ಲಿ ಸೇತುವೆ ಮೇಲೆ ನೀರು ಹತ್ತಿದೆ ಎಂದು ಪೇಪರಿನಲ್ಲಿ ಓದಿದೆ. ಹರಿಗೋಲುಗಳನ್ನು ಮೇಲೆ ಹೊತ್ತು ಹಾಕಿರುತ್ತೀರಿ.

ನಿನ್ನ ಬೆಂಚಿನ ಎಡಗಡೆಯವನು,
ಮರಿಸ್ವಾಮಿ


ಹೊಸಪೇಟೆ
9 ಆಗಸ್ಟ್ 2022

ಅಂಜಿನಯ್ಯ,

ನೀನು ಉತ್ತರ ಬರೆದಿಲ್ಲ. ಆದರೆ ಪತ್ರ ವಾಪಸೂ ಬಂದಿಲ್ಲ. ಟು ಬಿ ಫ್ರ್ಯಾಂಕ್, ನನಗೆ ಅಷ್ಟು ಸಾಕು ಇನ್ನೊಂದು ಬರೆಯಲಿಕ್ಕೆ.

ಹೋದ ವಾರ ಮೇಡಂ ಆಟಗಾರರ ಆಯ್ಕೆ ಕುರಿತು ಪಾಠ ಮಾಡಿದರು. ಪಾಠ ಮುಗಿಸಿ, ನೀವು ಕಂಡ ಒಂದು ಕೆಟ್ಟ ಸೆಲೆಕ್ಷನ್ನಿನ ಕೇಸು ಎಲ್ಲರೂ ಎದ್ದು ಹೇಳಿ ಅಂದರು. ಹುಡುಗರು ಟೀವಿಯಲ್ಲಿ ನೋಡಿದ ಕ್ರಿಕೆಟ್ಟು ಹೇಳಿದರು. ನನ್ನ ಸರದಿ ಬಂತು. ಎದ್ದೆ. ಹೆಸರು ಹೇಳದೆ, ನಡೆದದ್ದನ್ನು ನಡೆದ ಹಾಗೆ ಹೇಳಿದೆ.

2005ನೇ ಇಸವಿ. ಸಂಡೂರು ಗುಡ್ಡದ ಒಂದು ಗಣಿ ಕಂಪನಿ. ಕಂಪನಿಯ ಕಬಡ್ಡಿ ತಂಡಕ್ಕೆ ಏಳು ಜನ ಬೇಕು, ತಂಡಕ್ಕೆ ಬಂದವರಿಗೆ ಕಾಯಂ ಕೆಲಸ. ಟ್ರಯಲ್ಸಿಗೆ ಒಬ್ಬ ಅಂಬಿಗರ ಹುಡುಗ ಬಂದಿದ್ದ, ಇಪ್ಪತ್ತು ವರ್ಷದವನು. ರೈಡಿಗೆ ಹೋದರೆ ಮೂರು ಜನ ಹಿಡಿದರೂ ಹಾವಿನ ಹಾಗೆ ಜಾರಿ ಗೆರೆ ಮುಟ್ಟುತ್ತಿದ್ದ. ಕ್ಲಬ್ಬಿನ ಸೆಕ್ರೆಟರಿ ತನ್ನ ಪಟ್ಟಿಯಲ್ಲಿ ಅವನ ಹೆಸರು ಒಂದನೇ ನಂಬರಿಗೆ ಬರೆದ. ಸಂಜೆ ಮ್ಯಾನೇಜರ್ ಕರೆಸಿ ತನ್ನ ಕಡೆಯ ಒಬ್ಬನ ಹೆಸರು ಹೇಳಿದ. ಸೆಕ್ರೆಟರಿ ಏಳನೆಯವನನ್ನು ತೆಗೆಯಬಹುದಿತ್ತು. ಏಳನೆಯವನು ಯೂನಿಯನ್ ಲೀಡರಿನ ಅಳಿಯ. ಆರನೆಯವನು ಇನ್ನೊಬ್ಬರ ಯಾರೋ. ಹಿಂಗೇ ಮೇಲಕ್ಕೆ ಹೋಗುತ್ತಾ ಹೋಗುತ್ತಾ, ಯಾರೂ ಕೇಳುವವರಿಲ್ಲದ ಹೆಸರು ಒಂದೇ ಸಿಕ್ಕಿತು. ಅದು ಒಂದನೇ ನಂಬರಿನದು. ಅದನ್ನೇ ಹೊಡೆದು ಹಾಕಿದ. ಆ ಹುಡುಗನ ತಂದೆ ಸೆಕ್ರೆಟರಿಯ ಗೆಳೆಯ, ಹೇಗೂ ತಿಳಿದುಕೊಳ್ಳುತ್ತಾನೆ ಎಂದುಕೊಂಡ.

ಮುಂದಿನ ಬೆಂಚಿನ ಹುಡುಗಿ, "ಸರ್, ಆ ಸೆಕ್ರೆಟರಿ ಈಗ ಏನ್ ಮಾಡ್ತಾನ?" ಎಂದು ಕೇಳಿದಳು. ಡಿಪ್ಲೊಮಾ ಮಾಡ್ತಾನಮ್ಮ ಅಂದೆ. ಈ ಸಲ ಯಾರೂ ನಗಲಿಲ್ಲ.

ನಿನ್ನ ಮನೆಗೆ ಹೋಗಿ ತಪ್ಪಾಯಿತು ಅನ್ನಿ ಎಂದು ರೇಣುಕಾದೇವಿ ಆಗಲೇ ಹೇಳಿದ್ದಳು. ಹೋಗಬೇಕೆಂದು ಎರಡು ಸಲ ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ.

ಈಗ ಒಂದು ಬೇಡಿಕೆ. ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಒಂದು ನಿಜವಾದ ಪಂದ್ಯ ನಡೆಸಿ ತೋರಿಸಬೇಕು, ಅದಿಲ್ಲದೆ ಪಾಸಿಲ್ಲ. ಹುಡುಗರೆಲ್ಲ ಕ್ರಿಕೆಟ್ಟು ವಾಲಿಬಾಲು ಬರೆದುಕೊಟ್ಟರು. ನನಗೆ ಏನು ಹೊಳೆಯಿತೋ, ಹರಿಗೋಲು ಪಂದ್ಯ ಎಂದು ಬರೆದೆ. ಕಂಪ್ಲಿ ಹೊಳೆಯಲ್ಲಿ, ಈ ದಡದಿಂದ ಹೊರಟು ಆ ದಡದ ಬಂಡೆ ಸುತ್ತಿ ಬರುವುದು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಸರ್, ಇದು ಸೂಪರ್. ಅಂಬಿಗರು ಒಪ್ಪಿದಾರಾ?" ಅಂದರು. ಒಪ್ಪುತ್ತಾರೆ ಅಂದೆ. ನಿಮ್ಮ ಮಂದಿಗೆ ಹಿರಿಯ ನೀನು. ನೀನು ಹ್ಞೂಂ ಅನ್ನದೆ ಅಲ್ಲಿ ಒಂದು ಹುಟ್ಟೂ ನೀರಿಗೆ ಬೀಳುವುದಿಲ್ಲ ಎಂಬುದು ನನಗೆ ಗೊತ್ತು.

ಬೈದಾದರೂ ಬರೆ.

ಕಾಯುತ್ತಿರುವ,
ಮರಿಸ್ವಾಮಿ


ಕಂಪ್ಲಿ
22-8-2022

ಮರಿಸ್ವಾಮಿಯವರಿಗೆ,

ನಿಮ್ಮ ಎರಡೂ ಪತ್ರ ಮುಟ್ಟಿದವು. ಕಾಲೇಜಿನಾಗ ನೀವು ಹೇಳಿದ ಕತಿ ಸುಳ್ಳಲ್ಲ. ಆದರ ಅರ್ಧ ಐತಿ. ಆ ಪಟ್ಟಿ ಗೇಟಿಗೆ ಹಚ್ಚಿದ ದಿನ ನೀವು ರಜಾ ಹಾಕಿದ್ರಿ. ನನ್ನ ಮಗ ಹುಲಿಗೇಶ ಗೇಟಿನ ಮುಂದ ಸಂಜಿ ತನಕ ನಿಂತಿದ್ದ, ಮರಿಸ್ವಾಮಿ ಕಾಕಾ ಬಂದು ಒಂದು ಮಾತು ಹೇಳ್ತಾರ ಅಂತ. ಕೆಲಸ ಹೋಗಿದ್ದಕ್ಕ ಅಲ್ಲ ನಾನು ನಿಮ್ಮ ಕೂಡ ಮಾತು ಬಿಟ್ಟಿದ್ದು. ಆ ಅರ್ಧಾನೂ ನಿಮ್ಮ ಮೇಡಮ್ಮಿಗೆ ಹೇಳ್ರಿ.

ಪಂದ್ಯದ ವಿಷಯ. ಹರಿಗೋಲು ಅಂದ್ರ ಬಸ್ಸು ಅಲ್ಲ, ಹೇಳಿದ ಕಡೆ ಸೀದಾ ಹೋಗಾಕ. ನಿಮ್ಮ ಪುಸ್ತಕದಾಗ ಬರದಿಲ್ಲೇನು?

ಅಂಜಿನಯ್ಯ


ಹೊಸಪೇಟೆ
27 ಆಗಸ್ಟ್ 2022

ಅಂಜಿನಿ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ, ಮಡಿಕೆಯ ಜಾಗ ಸವೆದಿದೆ. ಮೊದಲ ಭಾಗ ಓದಿದಾಗ ನೀರು ಕುಡಿದು ಕೂತೆ. ಮಾರನೇ ಸಂಜೆ ಕ್ಲಾಸಿನಲ್ಲಿ ಎದ್ದು ನಿಂತು ಆ ಉಳಿದ ಅರ್ಧವನ್ನೂ ಹೇಳಿದೆ. ಸೆಕ್ರೆಟರಿ ಅವತ್ತು ರಜಾ ಹಾಕಿ ಮನೆಯಲ್ಲಿ ಕದ ಹಾಕಿಕೊಂಡು ಕೂತಿದ್ದ ಎಂದು ಹೇಳಿದೆ. ಮೇಡಂ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. "ಥ್ಯಾಂಕ್ಯೂ ಸರ್, ಕೂತ್ಕೊಳಿ" ಅಂದರು.

ಎರಡನೇ ಭಾಗ ಓದಿ ಮಾತ್ರ ಮನೆಯೊಳಗೆ ಒಬ್ಬನೇ ಓಡಾಡಿಬಿಟ್ಟೆ. ಹರಿಗೋಲು ಬಸ್ಸಲ್ಲ ಎಂದು ನೀನು ಬರೆದೆ ಅಂದರೆ, ಪಂದ್ಯ ಹೇಗೆ ನಡೆಯಬೇಕೆಂದು ನೀನು ಯೋಚನೆ ಮಾಡಿದ್ದೀ ಎಂದಾಯಿತು. ಹೌದೋ ಅಲ್ಲೋ?

ನನ್ನ ಪ್ಲ್ಯಾನು ಕೇಳು. ಈಜುಕೊಳದಲ್ಲಿ ಇರುವ ಹಾಗೆ ಹಗ್ಗ ಕಟ್ಟಿ ನಾಲ್ಕು ದಾರಿ ಮಾಡುವುದು. ಪ್ರತಿ ಹರಿಗೋಲಿನಲ್ಲಿ ಹುಟ್ಟು ಹಾಕುವವನು ಒಬ್ಬನೇ. ತೂಕ ಹಗುರ, ವೇಗ ಜಾಸ್ತಿ. ರಿಸ್ಕ್ ರಿಜಿಸ್ಟರ್ ಅಂತ ಒಂದು ಬರೆಯಬೇಕು, ಏನೇನು ಅನಾಹುತ ಆಗಬಹುದು ಎಂಬುದರ ಪಟ್ಟಿ. ನಾನು ಇಪ್ಪತ್ತಮೂರು ಬರೆದೆ. ಬಿರುಗಾಳಿ, ಸುಳಿ, ಮೊಸಳೆ, ಮೈಕ್ ಕೆಡುವುದು, ಮುಖ್ಯ ಅತಿಥಿ ತಡವಾಗಿ ಬರುವುದು. ಮೊಸಳೆಗೆ ಎದುರಾಗಿ 'ಪ್ರಾಬಬಿಲಿಟಿ ಲೋ', ಮುಖ್ಯ ಅತಿಥಿಗೆ ಎದುರಾಗಿ 'ವೆರಿ ಹೈ'. ಮೇಡಂ ಕಣ್ಣೀರು ಬರುವ ಹಾಗೆ ನಕ್ಕರು.

ಎಲ್ಲಿ ತಪ್ಪಿದೆ ಹೇಳು, ತಿದ್ದುತ್ತೇನೆ.

ನಿನ್ನ,
ಮರಿಸ್ವಾಮಿ


ಕಂಪ್ಲಿ
20-9-2022

ಮರಿಸ್ವಾಮಿಯವರಿಗೆ,

ಎಲ್ಲಾ ಕಡೆ ತಪ್ಪೈತಿ. ಹಗ್ಗ ಕಟ್ಟಿದ್ರ ಹುಟ್ಟು ಸಿಕ್ಕೊಂತಾವ. ಖಾಲಿ ಹರಿಗೋಲು ಗಾಳಿಗೆ ಬುಗುರಿ ಹಂಗ ನಿಂತಲ್ಲೇ ತಿರುಗತೈತಿ, ನೋಡಿದ ಮಂದಿ ನಕ್ಕೊಂತ ಮನಿಗೆ ಹೋಗ್ತಾರ. ಅದಕ್ಕ ಭಾರ ಬೇಕು. ನಾಕು ಮಂದಿ ಕುಂದ್ರಿಸ್ರಿ, ಅಕ್ಕಿ ಮಿಲ್ಲಿನ ತೂಕದ ಮ್ಯಾಲ ನಿಲ್ಲಿಸಿ ಎಲ್ಲಾ ಹರಿಗೋಲಿಗೂ ಸಮ ಮಾಡ್ರಿ. ಅಕ್ಟೋಬರದಾಗ ನೀರಿನ ಸೆಳವು ಇರತೈತಿ, ಡಿಸೆಂಬರಿಗೆ ಇಟ್ಕೊಳ್ರಿ.

ಇಲ್ಲಿ ನಮ್ಮ ಮಂದಿಗೆ ಹೇಳೀನಿ. ಹನ್ನೊಂದು ಮಂದಿ ಬರ್ತಾರ. ಹಂಪಿ ಕಡೆಯಿಂದ ಸಾಗರ ಅನ್ನೋನೂ ಬರ್ತಾನ, ಸಣ್ಣ ವಯಸ್ಸು, ಕೈ ಚಲೋ ಐತಿ. ಹುಲಿಗೇಶನೂ ಬರ್ತಾನ. ಬ್ಯಾಡ ಅಂದ್ರೂ ಕೇಳಲಿಲ್ಲ.

ಒಂದು ಕರಾರು. ನನ್ನ ಮಗನಿಗೆ ನೀವು ಯಾವ ಉಪಕಾರಾನೂ ಮಾಡಬಾರದು. ಹಳೇದು ತೀರಿಸಾಕ ಬಂದೀನಿ ಅನ್ನೋ ಮಾತು ನಿಮ್ಮ ಬಾಯಾಗ ಬಂದ್ರ ಹನ್ನೊಂದು ಹರಿಗೋಲೂ ದಡದ ಮ್ಯಾಲೇ ಬೋರಲು ಮಲಗ್ತಾವ. ಎಲ್ಲರಿಗೂ ಒಂದೇ ರೂಲು ಮಾಡ್ರಿ, ಮಾಡಿದ ಮ್ಯಾಲ ಮುರೀಬ್ಯಾಡ್ರಿ.

ಅಂಜಿನಯ್ಯ


ಹೊಸಪೇಟೆ
14 ನವೆಂಬರ್ 2022

ಅಂಜಿನಿ,

ಮೊನ್ನೆ ಕಂಪ್ಲಿಗೆ ಬಂದಿದ್ದೆ. ಜಾಗ ನೋಡಿದೆ, ಬಂಡೆ ನೋಡಿದೆ, ನಿಮ್ಮ ಹನ್ನೊಂದು ಮಂದಿಯ ಕೂಡ ಕೂತು ಚಹಾ ಕುಡಿದೆ. ನಿನಗೆ ಜ್ವರ ಅಂದರು. ಹುಲಿಗೇಶ ಒಂದು ಚೊಂಬು ನೀರು ತಂದುಕೊಟ್ಟ. ತಲೆಯಲ್ಲಿ ಬಿಳಿ ಕೂದಲು ಕಂಡವು. ಇಪ್ಪತ್ತರ ಹುಡುಗನಾಗಿಯೇ ನನ್ನ ತಲೆಯಲ್ಲಿ ನಿಂತುಬಿಟ್ಟಿದ್ದ ಅವನು. "ಆರಾಮ ಅದೀರೇನ್ರಿ ಸರ?" ಅಂದ. ಮೊದಲು ಕಾಕಾ ಅನ್ನುತ್ತಿದ್ದ.

ಈಗ ಒಂದು ದೊಡ್ಡ ಸುದ್ದಿ, ಕೂತು ಓದು. ಬಹುಮಾನ ಗೊತ್ತಾಯಿತು. ಹಂಪಿ ಹತ್ತಿರದ ಒಂದು ರೆಸಾರ್ಟಿನವರು ಹೊಳೆಯಲ್ಲಿ ಪ್ರವಾಸಿಗಳನ್ನು ಕಾಯುವ ವಾಟರ್ ಸೇಫ್ಟಿ ಗೈಡ್ ಹುಡುಕುತ್ತಿದ್ದರು. ನಾನೂ ಮೇಡಮ್ಮೂ ಹೋಗಿ ಮಾತಾಡಿದೆವು. ಪಂದ್ಯ ಗೆದ್ದವನಿಗೆ ಆ ಕೆಲಸ, ವರ್ಷವಿಡೀ ಸಂಬಳ, ಯೂನಿಫಾರ್ಮು, ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ. ಹೊಳೆಯಲ್ಲಿ ನೀರಿದ್ದರೆ ಅನ್ನ, ಇಲ್ಲದಿದ್ದರೆ ಇಲ್ಲ ಎನ್ನುವುದು ಒಬ್ಬನಿಗಾದರೂ ತಪ್ಪುತ್ತದೆ. ನಾನು ಯಾರ ಹೆಸರನ್ನೂ ಹೇಳಿಲ್ಲ. ನಿನ್ನ ಕರಾರು ನೆನಪಿದೆ. ಆದರೆ ಮನಸ್ಸಿನಲ್ಲಿ ಒಂದು ಹೆಸರು ಇಟ್ಟುಕೊಳ್ಳಬಾರದು ಎಂದು ನೀನು ಬರೆದಿಲ್ಲ. ಪ್ರಾಕ್ಟೀಸಿನಲ್ಲಿ ನೋಡಿದೆ, ಅವನ ಹುಟ್ಟು ನೀರಿಗೆ ಬಿದ್ದ ಸಪ್ಪಳವೇ ಕೇಳುವುದಿಲ್ಲ. ಸಾಗರ ಒಬ್ಬ ಹತ್ತಿರ ಬರುತ್ತಾನೆ, ಅಷ್ಟೇ.

ನಿಯಮಗಳು ಒಂಬತ್ತು ಆದವು. ಏಳನೆಯದು ನನ್ನದೇ ತಲೆ, ಮೇಡಂ ಬೆನ್ನು ತಟ್ಟಿದ್ದು ಅದಕ್ಕೇ: 'ಹೊರಡುವಾಗ ಹರಿಗೋಲಿನಲ್ಲಿ ಎಷ್ಟು ಜನರೋ, ಮುಟ್ಟುವಾಗಲೂ ಅಷ್ಟೇ ಜನ. ಒಬ್ಬರು ಕಡಿಮೆಯಾದರೂ ಹೆಚ್ಚಾದರೂ ಆ ಹರಿಗೋಲು ಪಂದ್ಯದಿಂದ ಹೊರಗೆ.' ಗೆಲ್ಲುವ ಆತುರಕ್ಕೆ ಯಾರನ್ನಾದರೂ ನೀರಿಗೆ ಕೆಡವಿಕೊಂಡು ಬಂದಾರು ಎಂಬ ಮುಂಜಾಗ್ರತೆ. ಎಲ್ಲರಿಗೂ ಓದಿ ಹೇಳಿ ಸಹಿ ಹಾಕಿಸಿದ್ದೇನೆ. ಪೊಲೀಸರಿಗೆ ಪತ್ರ ಕೊಟ್ಟಾಯಿತು, ಪುರಸಭೆಗೆ ಕೊಟ್ಟಾಯಿತು, ಆಂಬುಲೆನ್ಸಿಗೆ ಹೇಳಿ ಆಯಿತು, ಲೈಫ್ ಜಾಕೆಟ್ಟು ಬಂದವು. ಆ ದಡದ ಬಂಡೆ ಹತ್ತಿರ ಕೂತು, ಸರಿಯಾಗಿ ಸುತ್ತಿದರೋ ಇಲ್ಲವೋ ನೋಡಲು ಒಬ್ಬ ಜಡ್ಜ್ ಬೇಕು. ನಿನ್ನ ಬಿಟ್ಟರೆ ಯಾರೂ ಇಲ್ಲ. ಈ ದಡದಲ್ಲಿ ನಾನು, ಚೀಫ್ ರೆಫ್ರಿ. ನಡುವೆ ಹೊಳೆ. ನಿನಗೂ ಅನುಕೂಲ, ನನ್ನ ಮುಖ ನೋಡುವ ತಾಪತ್ರಯ ಇಲ್ಲ.

ಡಿಸೆಂಬರ್ ಹನ್ನೊಂದು, ಭಾನುವಾರ, ಬೆಳಿಗ್ಗೆ ಎಂಟು. ನನಗಂತೂ ಊಟ ಸೇರುತ್ತಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಿಂದಿನ ವಾರ ಹಿಂಗಾಗಿತ್ತು, ಆಮೇಲೆ ಈಗಲೇ.

ನಿನ್ನ,
ಮರಿಸ್ವಾಮಿ


ಹೊಸಪೇಟೆ
12 ಡಿಸೆಂಬರ್ 2022

ಅಂಜಿನಿ,

ನೀನು ಆ ದಡದಲ್ಲಿದ್ದೆ, ಪಂದ್ಯ ಮುಗಿದ ಕೂಡಲೇ ಸೇತುವೆ ಮೇಲೆ ನಡೆದು ಮನೆಗೆ ಹೋದೆ ಎಂದು ಹೇಳಿದರು. ಹಾಗಾಗಿ ಈ ದಡದಲ್ಲಿ ಆದದ್ದನ್ನು ಬೇರೆಯವರ ಬಾಯಿಂದ ಕೇಳಿರುತ್ತೀ. ನನ್ನ ಬಾಯಿಂದಲೂ ಕೇಳು.

ಬೆಳಿಗ್ಗೆ ಆರಕ್ಕೇ ದಡ ತುಂಬಿತ್ತು. ನನ್ನ ಕ್ಲಾಸಿನ ಹತ್ತೊಂಬತ್ತೂ ಮಂದಿ ಹಳದಿ ಟೋಪಿ ಹಾಕಿಕೊಂಡು ಬಂದಿದ್ದರು. ಮುಖ್ಯ ಅತಿಥಿ ಟೈಮಿಗೆ ಸರಿಯಾಗಿ ಬಂದರು, ರಿಜಿಸ್ಟರಿನ ಒಂದು ಅನಾಹುತ ಹೊಡೆದು ಹಾಕಿದೆ. ಮೂರು ಸುತ್ತು ಮುಗಿದು ನಾಲ್ಕು ಹರಿಗೋಲು ಫೈನಲ್ಲಿಗೆ ಬಂದವು. ನಾನು ಶಿಳ್ಳೆ ಊದಿದೆ. ಏನು ಹೊರಟವು ಅಂತೀ. ಮೂರಂತೂ ಗಿರಕಿ ಹೊಡೆಯುತ್ತಾ, ಒಂದಕ್ಕೊಂದು ಉಜ್ಜುತ್ತಾ, ಒಳಗೆ ಕೂತವರು ಬೊಬ್ಬೆ ಹೊಡೆಯುತ್ತಾ. ಹುಲಿಗೇಶ ಮಾತ್ರ ಗಿರಕಿ ಹೊಡೆಯಲಿಲ್ಲ, ಬಾಣದ ಹಾಗೆ ಹೋದ. ಬಂಡೆ ಹತ್ತಿರ ಉಳಿದ ಮೂರೂ ಒಂದಕ್ಕೊಂದು ಸಿಕ್ಕಿಕೊಂಡು ನಿಂತವು. ಅವನು ಒಬ್ಬನೇ ಸುತ್ತಿ ಈ ಕಡೆ ತಿರುಗಿದ. ನಾನು ಚೀಫ್ ರೆಫ್ರಿ, ಸುಮ್ಮನೆ ನಿಲ್ಲಬೇಕು. ನಿಂತಿದ್ದೆ.

ಆಮೇಲೆ ಅವನು ತಿರುಗಿ ಹೋದ.

ಈ ದಡದವರಿಗೆ ಏನೂ ತಿಳಿಯಲಿಲ್ಲ. "ಏ, ಹಿಂದಕ್ಕ ಹೊಂಟಾನಲೇ" ಎಂದು ಒಬ್ಬ, "ಹುಟ್ಟು ಮುರದಿರಬೇಕು" ಎಂದು ಇನ್ನೊಬ್ಬ. ಆ ದಡದಲ್ಲಿ ಹಸಿರು ಸೀರೆಯ ಮುದುಕಿಯೊಬ್ಬಳು ಸೆರಗು ಬೀಸುತ್ತಿದ್ದುದು ನನಗೆ ಆಗ ಕಂಡಿತು. ಅವನು ಹೋದ, ಅವಳ ಗಂಟು ಹತ್ತಿಸಿಕೊಂಡ, ಅವಳನ್ನು ಹತ್ತಿಸಿಕೊಂಡ, ಹೊರಟ. ಅಷ್ಟರಲ್ಲಿ ಸಾಗರ ಬಿಡಿಸಿಕೊಂಡು ಬರುತ್ತಿದ್ದ. ಅರ್ಧ ಹೊಳೆಗೆ ಇಬ್ಬರೂ ಸಮ. ದಡದ ಜನ ಮೊಣಕಾಲ ತನಕ ನೀರಿಗೆ ಇಳಿದಿದ್ದರು. ಆ ಮುದುಕಿಯ ಭಾರ ಹೆಚ್ಚಿಗೆ ಹೊತ್ತು, ನಿನ್ನ ಮಗ ಒಂದು ಮೊಳ ಮುಂದೆ ಬಂದು ದಡ ಮುಟ್ಟಿದ.

ಮೂವತ್ತೇಳನೇ ವಯಸ್ಸಿನಲ್ಲಿ ಅಂಥದ್ದನ್ನು ಯಾರೂ ಮಾಡಲಾರರು. ಜನ ಅವನನ್ನು ಎತ್ತಿ ಹೊತ್ತರು. ನಾನು ಹರಿಗೋಲಿನೊಳಗೆ ಎಣಿಸಿದೆ. ಕೂತವರು ಐದು, ಹೊರಟಾಗ ನಾಲ್ಕು.

ಐದು ಸೆಕೆಂಡಿನಲ್ಲಿ ನನ್ನ ತಲೆ ಎಷ್ಟು ಕೆಲಸ ಮಾಡಿತೋ. ಅವಳು ಪಂದ್ಯಕ್ಕೆ ಸೇರಿದವಳಲ್ಲ, ಲೆಕ್ಕಕ್ಕಿಲ್ಲ ಅನ್ನಬಹುದು. 'ಆ್ಯಕ್ಟ್ ಆಫ್ ಗಾಡ್' ಎಂದು ಇಂಗ್ಲಿಷಿನಲ್ಲಿ ಒಂದು ಮಾತುಂಟು, ಹಚ್ಚಿಬಿಡಬಹುದು. ಚೀಫ್ ರೆಫ್ರಿ ಡಿಸಿಷನ್ ಈಸ್ ಫೈನಲ್ ಎಂದು ನಾನೇ ಬರೆದ ಒಂಬತ್ತನೇ ನಿಯಮ ಇತ್ತು. ಮೇಡಂ ಕಡೆ ನೋಡಿದೆ. "ನಾನು ಏನೂ ಹೇಳಲ್ಲ ಸರ್" ಅಂದರು. ರೆಸಾರ್ಟಿನ ಮ್ಯಾನೇಜರು, "ಬಿಡಿ ಸಾರ್, ಗೆದ್ದಿದ್ದಾರಲ್ಲ" ಅಂದರು. ಅವರಿಗೇ ಅಡ್ಡಿಯಿಲ್ಲ, ಜನಕ್ಕೆ ಅಡ್ಡಿಯಿಲ್ಲ, ಸಾಗರನೂ ಬಾಯಿ ಬಿಟ್ಟಿರಲಿಲ್ಲ.

ಹುಲಿಗೇಶ ಮುದುಕಿಯ ಗಂಟು ಇಳಿಸಿಕೊಟ್ಟು ನನ್ನ ಎದುರಿಗೆ ಬಂದು ನಿಂತ. ಮೈಯಿಂದ ನೀರು ಇಳಿಯುತ್ತಿತ್ತು.

"ಏಳನೇ ರೂಲು ಏನು ಹೇಳತೈತ್ರಿ ಸರ?"

"ನಿನಗ ಗೊತ್ತೈತಲ್ಲಪ್ಪ."

"ನನಗ ಗೊತ್ತೈತ್ರಿ. ಈ ಮಂದಿಗೆ ಗೊತ್ತಿಲ್ಲ. ಓದ್ರಿ."

ಮೈಕ್ ತಗೊಂಡು ಓದಿದೆ. ಹುಲಿಗೇಶ ಪಂದ್ಯದಿಂದ ಹೊರಗೆ, ಗೆದ್ದವನು ಸಾಗರ ಎಂದು ಹೇಳಿದೆ. ಜನ ಬೈದರು. ಒಬ್ಬ ಚಪ್ಪಲಿ ಎಸೆದ, ಅದು ಮುಖ್ಯ ಅತಿಥಿಗೆ ಬಿತ್ತು. ನಾನು ಸರಿಯಲಿಲ್ಲ. ಎಲ್ಲರೂ ಹೋಗುವವರೆಗೆ ಅಲ್ಲೇ ನಿಂತಿದ್ದೆ. ಹುಲಿಗೇಶನೂ ನಿಂತಿದ್ದ. ಎರಡನೇ ಸಲ ನಿನ್ನ ಹೆಸರು ಹೊಡೆದು ಹಾಕಿದೆ ಎಂದು ಅವನಿಗೆ ಹೇಳಿದೆ. ಅವನು ಹರಿಗೋಲನ್ನು ತಲೆ ಮೇಲೆ ಬೋರಲು ಹೊತ್ತುಕೊಂಡು ಹೋದ.

ದಡದಲ್ಲಿ ನಿಂತು ಕರೆದವರನ್ನು ಅಂಬಿಗ ಬಿಟ್ಟು ಹೋಗಬಾರದು ಎಂಬುದು ನಿಮ್ಮ ಕಟ್ಟಳೆ ಎಂದು ಆಮೇಲೆ ಚಹಾದಂಗಡಿಯವನು ಹೇಳಿದ. ಇಪ್ಪತ್ತಮೂರು ಅನಾಹುತ ಬರೆದೆ, ಮೊಸಳೆ ಬರೆದೆ. ಹೊಳೆ ದಾಟುವವರು ಬರಬಹುದು ಎಂದು ಬರೆಯಲಿಲ್ಲ. ಊರಿಗೆಲ್ಲ ಪತ್ರ ಕೊಟ್ಟವನು ಆ ದಡದ ಹಳ್ಳಿಗೆ ಒಂದು ಮಾತು ಹೇಳಿರಲಿಲ್ಲ. ತಪ್ಪು ನನ್ನದು, ಕೆಲಸ ಹೋದದ್ದು ಹುಲಿಗೇಶನದು. ವೈವಾದಲ್ಲಿ ಇದನ್ನೇ ಹೇಳುತ್ತೇನೆ, ಪಾಸಾಗಲಿ ಬಿಡಲಿ.

ನೀನು ಇನ್ನು ಬರೆಯುವುದಿಲ್ಲ ಎಂದು ಗೊತ್ತಿದ್ದೂ ಬರೆದಿದ್ದೇನೆ.

ಮರಿಸ್ವಾಮಿ


ಕಂಪ್ಲಿ
20-12-2022

ಲೇ ಮರ್ಯಾ,

ಎಂಟು ದಿನ ಆತು ಬರೀಬೇಕು ಬರೀಬೇಕು ಅಂತ. ಹೊಳಿ ಆಚೆ ದಡದ್ದು ನಿನಗ ಗೊತ್ತಿಲ್ಲ. ಕೇಳು.

ಆಕಿ ಹೆಸರು ತಾಯಕ್ಕ. ಪುಂಡಿಪಲ್ಯದ ಗಂಟು ಹೊತ್ಕೊಂಡು ಬಂದು ನನ್ನ ಬಾಜೂಕ ನಿಂತ್ಲು. ಇವತ್ತು ಪಂದ್ಯ ಐತವ್ವ, ಒಂದು ಗಳಿಗಿ ಕುಂದ್ರು ಅಂದೆ. "ನಿಮ್ಮ ಪಂದ್ಯ ನೀವು ಆಡ್ರಪ್ಪ, ನನ್ನ ಪಲ್ಯ ಬಾಡತೈತಿ" ಅಂತ ಅಂದು ಸೆರಗು ಬೀಸಿ ಕೂಗೇಬಿಟ್ಲು. ಹುಲಿಗೇಶ ಬಂಡೆಗಲ್ಲು ಸುತ್ತಿ ಇಪ್ಪತ್ತು ಮಾರು ಹೋಗಿದ್ದ. ದನಿ ಕೇಳಿ ಹುಟ್ಟು ನಿಲ್ಲಿಸಿದ. ತಿರುಗಿ ಆಕಿ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

ನಾನು ಹೋಗು ಅಂತ ಕೈ ಮಾಡಿದ್ರ ಹೋಗಿಬಿಡ್ತಿದ್ದ. ಆ ಕೆಲಸಾನೂ ಸಿಗ್ತಿತ್ತು. ಕೈ ಎತ್ತಬೇಕು ಅಂತ ನನಗೂ ಮನಸ್ಸಿತ್ತು ಮರ್ಯಾ, ಸುಳ್ಳ್ಯಾಕ ಹೇಳ್ಲಿ. ಎತ್ತಲಿಲ್ಲ. ಕರದೋರನ್ನ ಬಿಟ್ಟು ಬಾ ಅಂತ ನಾನು ಅವನಿಗೆ ಯಾವತ್ತೂ ಕಲಿಸಿಲ್ಲ, ಅವತ್ತೊಂದಿನ ಹೆಂಗ ಕಲಿಸ್ಲಿ. ಅದಕ್ಕ ಕೆಲಸ ಕಳದಾಂವ ನೀನೊಬ್ಬನ ಅಲ್ಲ. ನಿನ್ನ ರಿಜಿಸ್ಟರದಾಗ ನನ್ನ ಹೆಸರೂ ಬರಿ.

ಸೇತುವಿ ಮ್ಯಾಲ ನಡಕೊಂತ ಬರೂವಾಗ ಮೈಕಿನಾಗ ನಿನ್ನ ದನಿ ಕೇಳಿತು. ನೀನು ಏಳನೇ ರೂಲು ಓದಾಕ ಹತ್ತಿದ್ದಿ. ಕಟಕಟಿ ಹಿಡಕೊಂಡು ನಿಂತು ಪೂರಾ ಕೇಳಿದೆ. ಮನಿಗೆ ಬಂದ ಮ್ಯಾಲ ಹುಲಿಗೇಶನ್ನ ಕೇಳಿದೆ, ಓದಿ ಆದ ಮ್ಯಾಲ ಅಂವ ಎಲ್ಲಿ ಹೋದ ಅಂತ. "ಎಲ್ಲೂ ಹೋಗಲಿಲ್ಲಪ್ಪ, ನನ್ನ ಮುಂದ ನಿಂತಿದ್ರು" ಅಂದ. ಹಳೇದು ನಾನು ಮರತಿಲ್ಲ, ಮರಿಯೋದೂ ಇಲ್ಲ. ಆದರ ಅವತ್ತು ರಾತ್ರಿ ಹುಲಿಗೇಶ ಎರಡು ರೊಟ್ಟಿ ಹೆಚ್ಚಿಗಿ ತಿಂದು ಮಲಗಿದ.

ಸಾಗರ ಕೆಲಸಕ್ಕ ಹೋದ. ಹುಲಿಗೇಶ ಮಾಮೂಲು ಹೊಳಿಗೆ ಹೋದ. ತಾಯಕ್ಕ ದಿನಾ ಇವನ ಹರಿಗೋಲೇ ಬೇಕು ಅಂತ ಕುಂತಿರ್ತಾಳ, ಬ್ಯಾರೆಯೋರದು ಹತ್ತಂಗಿಲ್ಲ.

ಈಗ ಮುಖ್ಯ ವಿಷಯ. ಹುಲಿಗೇಶನ ಮಗಳು ಐಶ್ವರ್ಯ, ಪಿಯುಸಿ ಎರಡನೇ ವರ್ಷ. ಪಂದ್ಯದ ದಿನ ನಿಮ್ಮ ಮೇಡಮ್ಮನ ಬೆನ್ನು ಹತ್ತಿ ಏನೇನೋ ಕೇಳ್ಯಾಳ. ಬಂದಾಗಿಂದ ಒಂದೇ ಹಟ, ನಾನೂ ಪಂದ್ಯ ಮಾಡಿಸೋದನ್ನ ಕಲೀತೀನಿ, ಡಿಗ್ರಿನೇ ಐತಂತ ಅದರಾಗ ಅಂತ. ಅವರವ್ವ ಟೀಚರ್ ಆಗು ಅಂತಾಳ, ಹುಲಿಗೇಶ ಸುಮ್ಮನದಾನ. ನನಗ ಏನೂ ತಿಳಿಯಂಗಿಲ್ಲ. ಯಾವ ಕಾಲೇಜು ಚಲೋ, ಹೆಣ್ಣುಮಕ್ಕಳಿಗೆ ಮುಂದ ದಾರಿ ಐತೋ ಇಲ್ಲೋ, ನೀನು ಬಂದು ಆಕಿ ಮುಂದ ಕುಂತು ಬಿಚ್ಚಿ ಹೇಳಬೇಕು. ಚಲೋ ಇದ್ರ ಚಲೋ ಅನ್ನು, ಇಲ್ಲಂದ್ರ ಇಲ್ಲ ಅನ್ನು. ನಮ್ಮ ಮನಿ ಹುಡುಗಿ ಅಂತ ಸಿಹಿ ಮಾಡಿ ಹೇಳಬ್ಯಾಡ.

ಭಾನುವಾರ ಬಾ. ನೀನು ತಿನ್ನಂಗಿಲ್ಲಲ್ಲ, ಅವತ್ತು ಮನಿಯಾಗ ಮೀನು ಮಾಡಬ್ಯಾಡ್ರಿ ಅಂತ ಹೇಳೀನಿ, ಹುಲಿಗೇಶ ಮುಖ ಸಣ್ಣದು ಮಾಡ್ಯಾನ. ಹೆಸರುಕಾಳು ಪಲ್ಯ, ಜ್ವಾಳದ ರೊಟ್ಟಿ. ಪಾಸಾಗಿದ್ರೂ ಬಾ, ಫೇಲಾಗಿದ್ರೂ ಬಾ.

ಅಂಜಿನಿ